ಅಪ್ಪಿಕೊಂಡವನೇ ಜಾರುತ್ತಾನೆ

ಆಷಾಢದ ಮಳೆ ಒಂದು ಗಳಿಗೆ ಹೊಳವಾದಾಗ ಮಲೆನಾಡಿನ ಅಡಿಕೆ ತೋಟದಲ್ಲಿ ತಲೆಯೆತ್ತಿ ನೋಡಿದವರಿಗೆ ಈ ನೋಟ ಹೊಸದಲ್ಲ. ನಲವತ್ತು ಅಡಿ ಎತ್ತರದಲ್ಲಿ, ತೊಡೆಗಿಂತ ತೆಳುವಾದ ಕಾಂಡದ ಮೇಲೆ, ಮರ ಹತ್ತುವುದೇ ಕಸುಬಾದ ಕೊನೆಗೌಡ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿರುತ್ತಾನೆ. ಮರ ಪಾಚಿಗಟ್ಟಿ ನುಣುಪಾಗಿದೆ, ಗಾಳಿಗೆ ತೂಗುತ್ತಿದೆ. ಕೆಳಗೆ ನಿಂತವರ ಮನಸ್ಸು 'ಗಟ್ಟಿಯಾಗಿ ತಬ್ಬಿಕೋ ಮಾರಾಯ' ಎನ್ನುತ್ತಿರುತ್ತದೆ. ಮೇಲಿರುವವನು ಮಾತ್ರ ಬೆನ್ನನ್ನು ಮರದಿಂದ ಒಂದೂವರೆ ಅಡಿ ಹಿಂದಕ್ಕೆ ಚಾಚಿ, ಮೊಣಕಾಲನ್ನು ಹೊರಗೆ ತೆರೆದು, ಜಗಲಿಯ ಮೇಲೆ ಕುಳಿತಷ್ಟು ನಿರಾಳವಾಗಿದ್ದಾನೆ. ಅದೇ ಮರಕ್ಕೆ ಮೊದಲ ಸಲ ಹತ್ತುವ ಹುಡುಗ ಎದೆ, ಹೊಟ್ಟೆ, ಕೆನ್ನೆ ಎಲ್ಲವನ್ನೂ ಕಾಂಡಕ್ಕೆ ಒತ್ತಿ ಹಿಡಿದಿರುತ್ತಾನೆ. ಆದರೂ ಇಂಚಿಂಚಾಗಿ ಜಾರಿ ಕೆಳಗೆ ಬರುತ್ತಾನೆ. ಮರಕ್ಕೆ ಹತ್ತಿರ ಇದ್ದವನು ಜಾರುತ್ತಾನೆ, ದೂರ ಸರಿದವನು ನಿಲ್ಲುತ್ತಾನೆ. ಇದನ್ನು ಅನುಭವ, ಧೈರ್ಯ ಎಂದು ಹೇಳಿ ಮುಗಿಸುವುದು ರೂಢಿ. ಅನುಭವಿಯ ದೇಹ ಮಾಡುತ್ತಿರುವುದೇನು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಇದಕ್ಕೆ ಉತ್ತರ ಹುಡುಕಲು ಅಡಿಕೆ ಮರಕ್ಕಿಂತ ಅನುಕೂಲವಾದ ಇನ್ನೊಂದು ಉಪಕರಣವಿದೆ. ಅಮೆರಿಕದ ಮರಗೆಲಸದವರೂ ತಂತಿ ಕಂಬ ಹತ್ತುವವರೂ ಕಾಲಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳು ಅದು. ಅವರು ಅದನ್ನು ಸ್ಪರ್ ಎನ್ನುತ್ತಾರೆ. ನಾವಿಲ್ಲಿ ಕಾಲ್ಮುಳ್ಳು ಎಂದು ಕರೆಯೋಣ. ಕೊನೆಗೌಡ ಎರಡೂ ಪಾದಗಳಿಗೆ ಸೇರಿಸಿ ತೊಡುವ ತಳೆ ಹಿಡಿಯುವುದು ಘರ್ಷಣೆಯಿಂದ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಕಾಲ್ಮುಳ್ಳಿನದು ಬಿಚ್ಚಿಟ್ಟ ವ್ಯವಹಾರ: ಹೊಕ್ಕಿತೋ ನಿಂತಿತು, ಕಿತ್ತುಕೊಂಡಿತೋ ಬಿದ್ದಿರಿ. ಗುಟ್ಟು ಅಲ್ಲಿ ಬೇಗ ಹೊರಬೀಳುತ್ತದೆ.

ಕಾಲಿಗೆ ಕಟ್ಟಿದ ಮುಳ್ಳು

ರಚನೆ ಸರಳ. ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯವರೆಗೆ ಕಾಲಿನ ಒಳಮಗ್ಗುಲಿಗೆ ಒಂದು ಲೋಹದ ಪಟ್ಟಿ. ಅದರ ಕೆಳತುದಿ ಬಾಗಿ, ಕುದುರೆ ಜೀನಿನ ರಿಕಾಪಿನಂತೆ ಅಂಗಾಲಿನ ಕೆಳಗೆ ಹಾದುಹೋಗುತ್ತದೆ. ಒಳಮಗ್ಗುಲಲ್ಲಿ, ಹರಡಿನ ಬಳಿ, ಕೆಳಮುಖವಾಗಿ ಓರೆಯಾಗಿ ಚಾಚಿದ ಚೂಪು ಮುಳ್ಳು. ಮೇಲೆ ಮೀನಖಂಡಕ್ಕೆ ಒಂದು ಪಟ್ಟಿ, ಕೆಳಗೆ ಬೂಟಿಗೆ ಇನ್ನೊಂದು. ಕಂಬಕ್ಕೆ ಬಳಸುವ ಮುಳ್ಳಿನ ಉದ್ದ ಒಂದೂವರೆ ಇಂಚಿನ ಆಸುಪಾಸು. ಮರಕ್ಕೆ ಬಳಸುವುದು ಎರಡೂವರೆ ಇಂಚು ದಾಟುತ್ತದೆ, ಏಕೆಂದರೆ ದಪ್ಪ ತೊಗಟೆಯನ್ನು ಹಾದು ಒಳಗಿನ ಗಟ್ಟಿ ಮರವನ್ನು ಮುಟ್ಟಬೇಕು. ಇದರ ಜೊತೆಗೆ ಸೊಂಟಕ್ಕೊಂದು ಅಗಲ ಪಟ್ಟಿ, ಪಟ್ಟಿಯ ಒಂದು ಮಗ್ಗುಲಿಂದ ಹೊರಟು ಮರವನ್ನು ಬಳಸಿ ಇನ್ನೊಂದು ಮಗ್ಗುಲಿಗೆ ಬಂದು ಸೇರುವ ಹಗ್ಗ. ಅದು ನಡುಹಗ್ಗ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ವಾಯವ್ಯ ಕರಾವಳಿಯ ಕಾಡುಗಳಲ್ಲಿ ಇಷ್ಟೇ ಸಾಮಾನು ಕಟ್ಟಿಕೊಂಡು ಮರಕಟುಕರು 150, 200 ಅಡಿ ಎತ್ತರದ ಡಗ್ಲಸ್ ಫರ್ ಮರಗಳನ್ನು ಹತ್ತುತ್ತಿದ್ದರು. ತುದಿಯನ್ನು ಕಡಿದುಹಾಕಿ, ಉಳಿದ ಕಾಂಡಕ್ಕೆ ರಾಟೆ ಬಿಗಿದು, ಅದನ್ನೇ ದಿಮ್ಮಿ ಎಳೆಯುವ ಕಂಬವನ್ನಾಗಿ ಮಾಡುತ್ತಿದ್ದರು. ಅವರ ನಡುಹಗ್ಗದೊಳಗೆ ಉಕ್ಕಿನ ತಂತಿ ಹೊಸೆದಿರುತ್ತಿತ್ತು. ಕೊಡಲಿಯ ಒಂದು ತಪ್ಪು ಏಟಿಗೆ ಹಗ್ಗ ತುಂಡಾಗಬಾರದಲ್ಲ! ಇಂದು ಆ ಕೆಲಸ ಇಲ್ಲ, ಆಟವಾಗಿ ಉಳಿದಿದೆ. ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಊರಿನಲ್ಲಿ 1960ರಿಂದ ನಡೆಯುತ್ತಿರುವ ಮರಕಟುಕರ ವಿಶ್ವ ಸ್ಪರ್ಧೆಯಲ್ಲಿ 60 ಮತ್ತು 90 ಅಡಿ ಕಂಬಗಳನ್ನು ಕಾಲ್ಮುಳ್ಳು ಕಟ್ಟಿ ಓಡಿದಂತೆ ಹತ್ತುತ್ತಾರೆ.

ಇಂಥ ಉಪಕರಣ ನೋಡಿದ ಕೂಡಲೇ ಹೊಳೆಯುವುದು ಒಂದೇ: ಮುಳ್ಳು ಚೂಪಾಗಿರಬೇಕು, ಬಲವಾಗಿ ಒದೆಯಬೇಕು, ಆಳಕ್ಕೆ ಇಳಿಯಬೇಕು. ಮೂರರಲ್ಲಿ ಮೊದಲನೆಯದು ಅರ್ಧ ನಿಜ. ಮೊಂಡು ಮುಳ್ಳು ಅಪಾಯಕಾರಿ. ಹಾಗೆಂದು ಸೂಜಿಯಂತೆ ಮಸೆದರೆ ತುದಿ ಬಾಗುತ್ತದೆ, ಇಲ್ಲವೇ ಸಿಕ್ಕಿಕೊಂಡು ಈಚೆ ಬರುವುದಿಲ್ಲ. ಉಳಿದೆರಡು ತಪ್ಪು. ಹೊಸಬರು ಪ್ರತಿ ಹೆಜ್ಜೆಗೂ ಮರವನ್ನು ಝಾಡಿಸಿ ಒದೆಯುತ್ತಾರೆ. ಮುಳ್ಳು ಪೂರ್ತಿ ಹೂತು ಹೋಗುತ್ತದೆ, ಅದನ್ನು ಕೀಳುವುದರಲ್ಲೇ ಅರ್ಧ ಶಕ್ತಿ ಸೋರುತ್ತದೆ, ಇಪ್ಪತ್ತು ಹೆಜ್ಜೆಯೊಳಗೆ ತೊಡೆ ನಡುಗಲು ಶುರು. ಪಳಗಿದವರು ಒದೆಯುವುದಿಲ್ಲ, ಇಡುತ್ತಾರೆ. ತುದಿ ಗಟ್ಟಿ ಮರದೊಳಗೆ ಒಂದಿಷ್ಟು ಕಚ್ಚಿದರೆ ಅವರಿಗೆ ಸಾಕು. ಮಿಕ್ಕ ಕೆಲಸ ಮುಳ್ಳಿನ ಆಳದ್ದಲ್ಲ, ಅದರ ಕೋನದ್ದು.

ಉಳಿ ಕೀಸುಳಿಯಾಗುವ ಕ್ಷಣ

ಬಡಗಿಯ ಕೈಯ ಉಳಿಯನ್ನು ನೆನಪಿಸಿಕೊಳ್ಳಿ. ನೆಟ್ಟಗೆ ಹಿಡಿದು ತಟ್ಟಿದರೆ ಅದು ಹಲಗೆಯೊಳಕ್ಕೆ ಇಳಿದು ನಿಲ್ಲುತ್ತದೆ. ಅದೇ ಉಳಿಯನ್ನು ಹಲಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿಸಿ ತಳ್ಳಿದರೆ ಇಳಿಯುವುದಿಲ್ಲ, ಸಿಪ್ಪೆ ಎಬ್ಬಿಸಿಕೊಂಡು ಮುಂದೆ ಹೋಗುತ್ತದೆ. ಉಳಿ ಈಗ ಕೀಸುಳಿಯಾಗಿದೆ. ಅಲಗೂ ಕೈಯೂ ಬದಲಾಗಿಲ್ಲ, ಬದಲಾದದ್ದು ಕೋನ ಮಾತ್ರ. ಮರದ ನಾರುಗಳು ಕಾಂಡದ ಉದ್ದಕ್ಕೂ ಓಡುವುದರಿಂದ ಹೀಗಾಗುತ್ತದೆ. ಸೌದೆ ಸೀಳುವವರಿಗೆ ಇದು ಗೊತ್ತು: ನಾರಿನ ಉದ್ದಕ್ಕೆ ಕೊಡಲಿ ಬಿದ್ದರೆ ಒಂದೇ ಏಟಿಗೆ ಹೋಳು, ಅಡ್ಡಕ್ಕೆ ಬಿದ್ದರೆ ಹತ್ತು ಏಟು. ಮುಳ್ಳು ನಾರುಗಳಿಗೆ ಅಡ್ಡವಾಗಿ ಹೊಕ್ಕಿದ್ದರೆ ನಿಮ್ಮ ಭಾರ ಅದನ್ನು ಕೆಳಕ್ಕೆಳೆಯಲು ನೂರಾರು ನಾರುಗಳನ್ನು ಒಟ್ಟಿಗೆ ಜಜ್ಜಬೇಕು. ನಾರಿನ ಜೊತೆಜೊತೆಗೇ ಓಡುತ್ತಿದ್ದರೆ ಅದು ಎರಡು ನಾರುಗಳ ನಡುವೆ ದಾರಿ ಮಾಡಿಕೊಂಡು ಸುಮ್ಮನೆ ಜಾರುತ್ತದೆ.

ಮುಳ್ಳಿನ ಕೋನವನ್ನು ನಿರ್ಧರಿಸುವುದು ಯಾವುದು? ಮೊಣಕಾಲು. ಮುಳ್ಳು ಕಾಲಿನ ಪಟ್ಟಿಗೆ ಭದ್ರವಾಗಿ ಬೆಸೆದುಕೊಂಡಿದೆ, ತಾನಾಗಿ ತಿರುಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಮೊಣಕಾಲು ಮರದಿಂದ ದೂರವಿದ್ದರೆ ಕಾಲು ಓರೆಯಾಗಿ ನಿಂತು, ಮುಳ್ಳಿನ ತುದಿ ಮರದ ಒಳಮುಖಕ್ಕೆ ತಿರುಗಿರುತ್ತದೆ. ಮೊಣಕಾಲು ಮರಕ್ಕೆ ತಾಗುವಷ್ಟು ಹತ್ತಿರ ಬಂದರೆ ಕಾಲು ಕಾಂಡಕ್ಕೆ ಸಮಾನಾಂತರವಾಗುತ್ತದೆ, ಮುಳ್ಳು ಮಲಗುತ್ತದೆ, ಉಳಿ ಕೀಸುಳಿಯಾಗುತ್ತದೆ. ತೊಗಟೆಯ ಒಂದು ಉದ್ದ ಪಟ್ಟೆಯನ್ನು ಸುಲಿದುಕೊಂಡು ಕಾಲು ಕೆಳಗೆ ಬರುತ್ತದೆ, ಅದರ ಹಿಂದೆ ಮನುಷ್ಯ. ಹೀಗೆ ಜಾರಿದವನ ಸಹಜ ಪ್ರತಿಕ್ರಿಯೆ ಮರವನ್ನು ಇನ್ನೂ ಬಿಗಿಯಾಗಿ ಅಪ್ಪುವುದು. ಅಪ್ಪಿದಷ್ಟೂ ಇನ್ನೊಂದು ಮೊಣಕಾಲೂ ಒಳಗೆ ಬರುತ್ತದೆ, ಎರಡನೆಯ ಮುಳ್ಳೂ ಮಲಗುತ್ತದೆ. ಭಯ ತಾನು ಹೆದರುತ್ತಿದ್ದುದನ್ನು ತಾನೇ ಮಾಡಿ ಮುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೆಜ್ಜೆ ಚಿಕ್ಕದಾಗಿರಬೇಕು ಎಂಬ ಮಾತು ಕೂಡ ಇಲ್ಲಿಂದಲೇ ಹೊರಡುತ್ತದೆ. ಏಣಿ ಹತ್ತುವ ಅಭ್ಯಾಸದವರು ಕಾಲನ್ನು ಎರಡಡಿ ಮೇಲಕ್ಕೆತ್ತಿ ಇಡುತ್ತಾರೆ. ಅಷ್ಟು ಮಡಚಿದ ಕಾಲಿನ ಮೇಲೆ ಏಳಬೇಕಾದರೆ ದೇಹ ಮುಂದಕ್ಕೆ ಬಾಗಲೇಬೇಕು, ಮೊಣಕಾಲು ಕಾಂಡವನ್ನು ಕುಟ್ಟಲೇಬೇಕು. ಮುಕ್ಕಾಲಡಿ, ಒಂದಡಿಯ ಹೆಜ್ಜೆಗೆ ಈ ಕಷ್ಟವಿಲ್ಲ. ಇಳಿಯುವಾಗಲೂ ಅಷ್ಟೇ. ಇಳಿಯುವುದು ಸುಲಭ ಎಂದುಕೊಂಡವರು ಬೆಕ್ಕನ್ನು ನೋಡಬೇಕು. ಸರಸರನೆ ಮರ ಹತ್ತಿದ ಬೆಕ್ಕು ಮೇಲೆ ಕುಳಿತು ಕೂಗುವುದೇಕೆ? ಅದರ ಉಗುರು ಹಿಮ್ಮುಖವಾಗಿ ಬಾಗಿದೆ, ತಲೆ ಮೇಲಿದ್ದಾಗ ಮಾತ್ರ ಅದು ಕೊಕ್ಕೆ. ತಲೆ ಕೆಳಗಾಗಿ ಇಳಿಯಹೊರಟರೆ ಅದೇ ಉಗುರು ನುಣುಪಾದ ಇಳಿಜಾರು. ಅಳಿಲು ಹಿಂಗಾಲಿನ ಪಾದವನ್ನೇ ಹಿಂದುಮುಂದಾಗಿ ತಿರುಗಿಸಬಲ್ಲದು, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ಕಾಲ್ಮುಳ್ಳು ಬೆಕ್ಕಿನ ಜಾತಿಗೆ ಸೇರಿದ್ದು: ಒಂದು ದಿಕ್ಕಿನ ಭಾರವನ್ನಷ್ಟೇ ಹೊರುತ್ತದೆ.

ಹಗ್ಗಜಗ್ಗಾಟದ ತ್ರಿಕೋನ

ಕೋನ ಸರಿ ಇದ್ದರೂ ಮುಳ್ಳನ್ನು ಮರದೊಳಕ್ಕೆ ಒತ್ತಿ ಹಿಡಿಯಲು ಒಂದು ಬಲ ಬೇಕು. ಭೂಮಿ ನಿಮ್ಮನ್ನು ಎಳೆಯುವುದು ಕೆಳಕ್ಕೆ, ಮರದ ಕಡೆಗಲ್ಲ. ಅಡ್ಡಡ್ಡ ಒತ್ತುವ ಈ ಬಲ ಎಲ್ಲಿಂದ ಬರಬೇಕು? ಊರ ಹಬ್ಬದ ಹಗ್ಗಜಗ್ಗಾಟ ನೋಡಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಅಲ್ಲಿ ಗೆಲ್ಲುವ ತಂಡ ನೆಟ್ಟಗೆ ನಿಲ್ಲುವುದಿಲ್ಲ. ಹಿಮ್ಮಡಿ ನೆಲಕ್ಕೂರಿ, ಬೆನ್ನು ನೆಲ ಮುಟ್ಟುವ ಹಾಗೆ ಹಿಂದಕ್ಕೆ ವಾಲುತ್ತದೆ. ದೇಹದ ಭಾರ ಹಿಂದೆ ಬೀಳಲು ನೋಡುತ್ತದೆ, ಕೈಯ ಹಗ್ಗ ಬೀಳಗೊಡುವುದಿಲ್ಲ, ಈ ಎರಡರ ಜಗಳದ ಫಲವಾಗಿ ಪಾದ ಮುಂದಕ್ಕೆ ಒತ್ತಿಕೊಳ್ಳುತ್ತದೆ. ಮರದ ಮೇಲಿನವನದೂ ಇದೇ ಆಟ. ಪಾದ ಮರದಲ್ಲಿ, ಸೊಂಟ ಮರದಿಂದ ದೂರ, ಸೊಂಟದಿಂದ ಮರಕ್ಕೆ ಹಗ್ಗ: ಒಂದು ತ್ರಿಕೋನ. ಸೊಂಟ ಹಿಂದೆ ಬೀಳಲು ನೋಡಿದಷ್ಟೂ ಹಗ್ಗ ಬಿಗಿಯುತ್ತದೆ, ಹಗ್ಗ ಬಿಗಿದಷ್ಟೂ ಪಾದ ಮರದೊಳಕ್ಕೆ ಒತ್ತುತ್ತದೆ.

ಒಂದು ಕಚ್ಚಾ ಲೆಕ್ಕ ಹಾಕಬಹುದು. ಆಸಾಮಿಯ ತೂಕ 60 ಕಿಲೋ. ದೇಹದ ಭಾರಕೇಂದ್ರ, ಅಂದರೆ ಹೊಕ್ಕುಳ ಸುತ್ತಲಿನ ಜಾಗ, ಮರದಿಂದ 45 ಸೆಂಟಿಮೀಟರ್ ದೂರ. ಹಗ್ಗ ಮರವನ್ನು ತಾಗುವುದು ಪಾದದಿಂದ 90 ಸೆಂಟಿಮೀಟರ್ ಮೇಲೆ. ದೂರವು ಎತ್ತರದ ಅರ್ಧದಷ್ಟಿದೆ, ಹಾಗಾಗಿ ಪಾದ ಮರಕ್ಕೆ ಒತ್ತುವ ಬಲ ತೂಕದ ಅರ್ಧದಷ್ಟು: 30 ಕಿಲೋ ಭಾರ ಇಟ್ಟಂತೆ. ಈಗ ಆತ ಹೆದರಿ ಮರವನ್ನು ಅಪ್ಪಿಕೊಂಡ, ದೂರ 10 ಸೆಂಟಿಮೀಟರಿಗೆ ಇಳಿಯಿತು. ಒತ್ತುವ ಬಲವೂ ಏಳು ಕಿಲೋದೊಳಗೆ ಇಳಿಯಿತು. ಕೆಳಕ್ಕೆಳೆಯುವ 60 ಕಿಲೋ ಮಾತ್ರ ಹಾಗೇ ಇದೆ. ಮುಳ್ಳು ಮಲಗಿದ್ದು ಒಂದು ಏಟಾದರೆ, ಅದನ್ನು ಒಳಗೊತ್ತುವ ಕೈ ಸಡಿಲವಾದದ್ದು ಇನ್ನೊಂದು. ಎರಡೂ ಬೀಳುವುದು ಒಂದೇ ಕ್ಷಣದಲ್ಲಿ.

ಮರಕುಟಿಗವೂ ಇದೇ ತ್ರಿಕೋನವನ್ನು ಬಳಸುತ್ತದೆ. ಅದಕ್ಕೆ ನಡುಹಗ್ಗ ಇಲ್ಲ, ಮೇಲೆ ಕೊಕ್ಕೆಯಂಥ ಉಗುರು ಹಿಡಿದೆಳೆಯುತ್ತದೆ, ಕೆಳಗೆ ಬಿರುಸಾದ ಬಾಲದ ಗರಿಗಳು ಮರಕ್ಕೆ ಒತ್ತುತ್ತವೆ, ದೇಹ ಮಾತ್ರ ಕಾಂಡದಿಂದ ದೂರ. ತೆಂಗಿನ ಮರ ಹತ್ತುವ ಯಂತ್ರವೂ ಬೇರೆ ಅಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ತರಬೇತಿ ಶಿಬಿರಗಳಲ್ಲಿ ಸಾವಿರಾರು ಮಂದಿ, ಅವರಲ್ಲಿ ಹೆಂಗಸರೂ, ಅದರ ಮೇಲೆ ಕೈ ಪಳಗಿಸಿದರು. ಕಾಲಿಡುವ ಪೆಡಲು ಕಾಂಡದಿಂದ ಈಚೆಗಿರುತ್ತದೆ. ಅದರ ಮೇಲೆ ಭಾರ ಬಿದ್ದಾಗ ಕಾಂಡ ಬಳಸಿದ ಉಕ್ಕಿನ ಹಗ್ಗ ಓರೆಯಾಗಿ ಕಚ್ಚಿ ನಿಲ್ಲುತ್ತದೆ, ಕಾಲೆತ್ತಿ ಭಾರ ತೆಗೆದರೆ ಸಲೀಸಾಗಿ ಮೇಲಕ್ಕೆ ಸರಿಯುತ್ತದೆ. ಪೆಡಲನ್ನು ಕಾಂಡಕ್ಕೇ ಅಂಟಿಸಿಬಿಟ್ಟರೆ ಯಂತ್ರ ಕೆಲಸ ಮಾಡುವುದಿಲ್ಲ. ಕೊನೆಗೌಡನ ತಳೆಯನ್ನೂ ಹೀಗೇ ಓದಬಹುದು. ಎರಡೂ ಪಾದಗಳು ಅಗಲಿಹೋಗದಂತೆ ತಳೆ ಕಟ್ಟಿಹಾಕುತ್ತದೆ, ಮೊಣಕಾಲು ಹೊರಕ್ಕೆ ತೆರೆದಾಗ ಅಂಗಾಲುಗಳು ಕಾಂಡವನ್ನು ಇಕ್ಕಳದ ಹಾಗೆ ಹಿಡಿಯುತ್ತವೆ, ಮೇಲೆ ಕೈ ತನ್ನತ್ತ ಎಳೆಯುತ್ತದೆ. ಉಕ್ಕು ಇಲ್ಲ, ಮುಳ್ಳಿಲ್ಲ, ತ್ರಿಕೋನ ಇದೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ನಮ್ಮ ಕಡೆ ಮರ ಹತ್ತುವವರು ಮರವನ್ನು ತಬ್ಬಿಕೊಂಡೇ ಹತ್ತುತ್ತಾರಲ್ಲ, ತಲೆಮಾರುಗಳಿಂದ ಹತ್ತುತ್ತ ಬಂದಿದ್ದಾರಲ್ಲ? ನಿಂತು ಗಮನಿಸಿ. ತಬ್ಬಿರುವುದು ತೋಳು, ಎದೆಯಲ್ಲ. ತೋಳು ಹಗ್ಗದ ಕೆಲಸ ಮಾಡುತ್ತಿದೆ. ಸೊಂಟ ಹಿಂದಿದೆ, ಮೊಣಕಾಲು ಹೊರಗಿದೆ. ಎದೆ ಮರಕ್ಕೆ ತಾಗುವುದು ಕಾಲೆಳೆದುಕೊಳ್ಳುವ ಅರೆಕ್ಷಣ ಮಾತ್ರ, ಆಗ ಭಾರವೆಲ್ಲ ತೋಳಿನ ಮೇಲಿರುತ್ತದೆ. ಇನ್ನೊಂದು ಆಕ್ಷೇಪಣೆಗೆ ತೂಕ ಹೆಚ್ಚು: ದೂರ ಸರಿದಷ್ಟೂ ಹಿಡಿತ ಬಿಗಿಯಾಗುವುದಾದರೆ ಪೂರ್ತಿ ಹಿಂದಕ್ಕೆ ಮಲಗಿಬಿಡಬಹುದೆ? ಆಗದು. 75 ಸೆಂಟಿಮೀಟರ್ ದೂರ ಹೋದರೆ ಹಗ್ಗದ ಎಳೆತ 50 ಕಿಲೋ ಮುಟ್ಟುತ್ತದೆ, ಅಷ್ಟನ್ನೂ ಸೊಂಟ ತಡೆಯಬೇಕು. ಹಗ್ಗ ಸೊಂಟಕ್ಕಿಂತ ಕೆಳಗೆ ಇಳಿದಿದ್ದರೆ ಎಳೆತ ಮತ್ತೂ ಏರುತ್ತದೆ, ಮೇಲುದೇಹ ಹಿಂದಕ್ಕೆ ಮಗುಚುವ ಭಯ ಬೇರೆ. ತೀರಾ ಮೇಲೆ ಕಟ್ಟಿದರೆ ಮನುಷ್ಯ ಹಗ್ಗಕ್ಕೆ ತೂಗುಬೀಳುತ್ತಾನೆ, ಪಾದಕ್ಕೆ ಒತ್ತಡವೇ ಇರುವುದಿಲ್ಲ. ಹಗ್ಗ ಸೊಂಟದಿಂದ ತುಸು ಮೇಲೆ, ತೋಳು ಅರೆ ಮಡಚಿದಾಗ ಅಂಗೈ ಮರ ಮುಟ್ಟುವಷ್ಟು ದೂರ. ಪಳಗಿದವರ ದೇಹ ಹೋಗಿ ನಿಲ್ಲುವುದು ಅಲ್ಲಿ.

ನೋವು ಎಲ್ಲಿಂದ ಬರುತ್ತದೆ

ಕಾಲ್ಮುಳ್ಳು ಕಟ್ಟಿ ಒಂದು ಗಂಟೆ ಮರದ ಮೇಲೆ ನಿಂತವರ ದೂರು ಬೀಳುವ ಭಯದ್ದಲ್ಲ, ನೋವಿನದು. ಮೀನಖಂಡದ ಒಳಮಗ್ಗುಲು ಕೆಂಪಗೆ ಬಾತಿರುತ್ತದೆ, ಅಂಗಾಲಿನ ಕಮಾನು ಸಿಡಿಯುತ್ತದೆ. ಇದನ್ನು ಸಹಿಸಿಕೊಳ್ಳಬೇಕಾದ ವೃತ್ತಿಕಷ್ಟ ಎಂದು ಬಗೆಯುವುದು ತಪ್ಪು. ನೋವಿನಿಂದ ಕಾಲು ಬದಲಾಯಿಸುವವನು, ಭಾರ ತಪ್ಪಿಸಲು ಮರಕ್ಕೆ ಒರಗುವವನು ಮೊಣಕಾಲನ್ನು ಒಳಕ್ಕೆ ತರುತ್ತಾನೆ. ಹಿತ ತಪ್ಪಿದ ಹಿಂದೆಯೇ ಕೋನ ತಪ್ಪುತ್ತದೆ.

ಮೀನಖಂಡದ ನೋವಿನ ಕಾರಣ ಸನ್ನೆಗೋಲಿನ ಕಾರಣ. ನಿಮ್ಮ ಭಾರ ಬೀಳುವುದು ಅಂಗಾಲಿನ ನಡುವೆ, ಅದನ್ನು ತಡೆಯುವ ಮುಳ್ಳು ಇರುವುದು ಅಲ್ಲಿಂದ ಐದು ಸೆಂಟಿಮೀಟರಿನಷ್ಟು ಒಳಮಗ್ಗುಲಲ್ಲಿ. ಈ ಅಂತರದಿಂದಾಗಿ ಇಡೀ ಲೋಹದ ಪಟ್ಟಿ ತಿರುಚಿಕೊಳ್ಳಲು ನೋಡುತ್ತದೆ. ತಿರುಚದಂತೆ ತಡೆಯುವುದು ಮೇಲಿನ ಪಟ್ಟಿ, ಅಂದರೆ ನಿಮ್ಮ ಮೀನಖಂಡ. ಒಂದೇ ಕಾಲಲ್ಲಿ ನಿಂತಾಗ 60 ಕಿಲೋ ತೂಕ ಐದು ಸೆಂಟಿಮೀಟರ್ ದೂರದಿಂದ ತಿರುಚಿದರೆ, 38 ಸೆಂಟಿಮೀಟರ್ ಮೇಲಿರುವ ಪಟ್ಟಿಯ ಮೇಲೆ ಬೀಳುವ ಒತ್ತಡ ಎಂಟು ಕಿಲೋ. ಎಂಟು ಕಿಲೋ ದೊಡ್ಡದಲ್ಲ. ಎರಡು ಬೆರಳಗಲದ ತೊಗಲಿನ ಪಟ್ಟಿಯ ಮೂಲಕ ಮೂಳೆಯ ಅಂಚಿಗೆ ಬಿದ್ದಾಗ ಮಾತ್ರ ದೊಡ್ಡದು. ನೀರು ತುಂಬಿದ ಕೊಡವನ್ನು ಬರಿತಲೆಯ ಮೇಲಿಟ್ಟರೂ ಸಿಂಬೆಯ ಮೇಲಿಟ್ಟರೂ ತೂಕ ಅಷ್ಟೇ. ಆದರೂ ಸಿಂಬೆ ಇಲ್ಲದೆ ಯಾರೂ ಕೊಡ ಹೊರುವುದಿಲ್ಲ. ಮೀನಖಂಡಕ್ಕೆ ಕಟ್ಟುವ ಅಗಲವಾದ ದಪ್ಪ ಮೆತ್ತೆ ಈ ಸಿಂಬೆ. ಲೋಹದ ಪಟ್ಟಿಯ ಉದ್ದವೂ ಮುಖ್ಯ. ಉದ್ದ ಕಡಿಮೆಯಾದರೆ ಸನ್ನೆ ಮೋಟಾಗಿ ಒತ್ತಡ ಏರುತ್ತದೆ, ಜಾಸ್ತಿಯಾದರೆ ತುದಿ ಮೊಣಕಾಲಿಗೆ ತಿವಿಯುತ್ತದೆ. ಅಂಗಾಲಿನ ನೋವಿಗೆ ಮದ್ದು ಬೂಟಿನಲ್ಲಿದೆ: ಅಡಿ ಬಾಗದಂಥದ್ದು, ಹಿಮ್ಮಡಿ ಎದ್ದಿರುವಂಥದ್ದು ಬೇಕು. ಮೆತ್ತನೆಯ ಓಟದ ಬೂಟು ಹಾಕಿ ಹತ್ತುವುದೆಂದರೆ ಏಣಿಯ ತೆಳು ಮೆಟ್ಟಿಲ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತಂತೆ.

ಹಗ್ಗ ಒಂದೇ ಇದ್ದರೆ

ನಡುಹಗ್ಗ ಬೀಳುವುದನ್ನು ತಡೆಯುತ್ತದೆ ಎಂಬ ನಂಬಿಕೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಅದು ತ್ರಿಕೋನದ ಒಂದು ಭುಜ, ಅಷ್ಟೇ. ಮುಳ್ಳು ಕಿತ್ತುಕೊಂಡ ಕ್ಷಣ ತ್ರಿಕೋನ ಮುರಿಯುತ್ತದೆ, ಹಗ್ಗ ಸಡಿಲಾಗುತ್ತದೆ, ಕಾಂಡದ ಸುತ್ತ ಬಳೆಯಂತೆ ಕೆಳಗೆ ಜಾರುತ್ತದೆ. ಕೊಂಬೆಯಿಲ್ಲದ ಮರವಾದರೆ ನೆಲದವರೆಗೆ. ಹತ್ತು ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುತ್ತಾನೆ. ಪರಿಹಾರ ಹಳೆಯದು, ಹಳ್ಳಿಯದು. ಹೋರಿಯನ್ನು ಹಿಡಿದು ನಿಲ್ಲಿಸಲಾಗದವನು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕುತ್ತಾನೆ, ಆಮೇಲೆ ಒಂದು ಕೈ ಸಾಕು. ಸುತ್ತು ಹೆಚ್ಚಿದಂತೆ ಘರ್ಷಣೆ ಗುಣಿಸುತ್ತ ಹೋಗುತ್ತದೆ. ನಡುಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಬಳಸಿದರೆ, ಅಥವಾ ಭಾರ ಬಿದ್ದಾಗ ತಾನೇ ಬಿಗಿಯುವ ಜೀರುಗುಣಿಕೆ ಹಾಕಿದರೆ, ಜಾರಿದವನು ಸ್ವಲ್ಪದರಲ್ಲೇ ನಿಲ್ಲುತ್ತಾನೆ. ಇದರ ಜೊತೆಗೆ ಎರಡನೆಯದೊಂದು ಹಗ್ಗ ಇರಲೇಬೇಕು. ಕೊಂಬೆ ಅಡ್ಡ ಬಂದಾಗ ಒಂದನ್ನು ಬಿಚ್ಚಿ ಮೇಲೆ ಹಾಕುವಷ್ಟು ಹೊತ್ತು ಇನ್ನೊಂದು ಕಟ್ಟಿಕೊಂಡೇ ಇರಬೇಕು. ಮರದ ಮೇಲೆ ಯಂತ್ರಗರಗಸ ಹಿಡಿಯುವವರಿಗೆ ಎರಡು ಆಧಾರ ಕಡ್ಡಾಯ ಎಂದು ಅಮೆರಿಕದ ಸುರಕ್ಷಾ ಮಾನದಂಡ ಹೇಳುವುದು ಬರಿಯ ದಾಖಲೆಗಲ್ಲ. ಗರಗಸದ ಕೆಳಗೆ ಮೊದಲು ಸಿಗುವುದು ಹಗ್ಗವೇ.

ಹಗ್ಗ ಹಿಡಿದು ನಿಲ್ಲಿಸಿದ ಮೇಲೂ ಕತೆ ಮುಗಿಯುವುದಿಲ್ಲ. ಅಲುಗಾಡದೆ ಪಟ್ಟಿಗೆ ನೇತಾಡುವವನ ಕಾಲಿನಲ್ಲಿ ರಕ್ತ ನಿಂತು, ಹೃದಯಕ್ಕೆ ವಾಪಸಾಗುವುದು ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು. ಅಂಥವರನ್ನು ನಿಮಿಷಗಳೊಳಗೆ ಕೆಳಗಿಳಿಸಬೇಕು. ಒಬ್ಬಂಟಿಯಾಗಿ ಹತ್ತುವವನ ಬಳಿ ಎಷ್ಟು ಒಳ್ಳೆಯ ಹಗ್ಗವಿದ್ದರೂ ಈ ಲೆಕ್ಕದಲ್ಲಿ ಅದು ಅರ್ಧ ಹಗ್ಗ.

ಮರದ ಲೆಕ್ಕ

ಇಷ್ಟೆಲ್ಲ ಓದಿದ ಅಡಿಕೆ ಬೆಳೆಗಾರರಿಗೆ ಸಹಜವಾಗಿ ಒಂದು ಆಸೆ ಹುಟ್ಟಬಹುದು. ಮಳೆಗಾಲದಲ್ಲಿ ನಮ್ಮ ಮರ ಹತ್ತುವುದು ಕಷ್ಟವಾಗುವುದೇ ಒದ್ದೆ ಕಾಂಡದ ಮೇಲೆ ಘರ್ಷಣೆ ಸಾಲದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿಯನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಸುಮಾರು 1910ರ ಹೊತ್ತಿಗೆ ತೋರಿಸಿಕೊಟ್ಟಾಗಿನಿಂದ, ಮೈಲುತುತ್ತ ಸುಣ್ಣ ಬೆರೆಸಿಕೊಂಡು ಜಾರುವ ಮರ ಹತ್ತುವುದು ಮಲೆನಾಡಿನ ಮಳೆಗಾಲದ ಪಾಡಾಗಿದೆ. ಕಾಲ್ಮುಳ್ಳಿಗೆ ಒದ್ದೆಯ ಹಂಗಿಲ್ಲ. ಹಾಗಾದರೆ ತಳೆ ಬಿಟ್ಟು ಮುಳ್ಳು ಕಟ್ಟಬಾರದೇಕೆ?

ಉತ್ತರ ಮರದ ಒಳಗಿದೆ. ಮರಕ್ಕೆ ನಮ್ಮ ಚರ್ಮದಂತೆ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಗಾಯವಾದ ಜಾಗದ ಚರಿತ್ರೆಯನ್ನು ಓದಿದರು. 1977ರಲ್ಲಿ ಪ್ರಕಟವಾದ ಅವರ ವಿವರಣೆಯ ಸಾರ ಇಷ್ಟು: ಮರ ಗಾಯವನ್ನು ಗುಣಪಡಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೇ ಬಂಧಿಸುತ್ತದೆ, ಹೊರಗೆ ಹೊಸ ಮರ ಬೆಳೆದು ಮುಚ್ಚುತ್ತದೆ. ಕೊಳೆತ ಕೋಣೆಯೊಂದಕ್ಕೆ ಬೀಗ ಜಡಿದು ಮನೆಯನ್ನು ಇನ್ನೊಂದು ಕಡೆ ಕಟ್ಟಿಕೊಂಡು ಹೋದ ಹಾಗೆ. ಹಾಗೆ ಹೊಸದಾಗಿ ಬೆಳೆಯುವುದು ತೊಗಟೆಯ ಕೆಳಗಿರುವ ಕಾಗದದಷ್ಟು ತೆಳ್ಳನೆಯ ಕ್ಯಾಂಬಿಯಂ ಎಂಬ ಪದರದಿಂದ. ಅದನ್ನು ಬೆಳೆಪೊರೆ ಎನ್ನೋಣ. ಮಾವು, ಹಲಸು, ಸಿಲ್ವರ್ ಓಕ್ ಎಲ್ಲಕ್ಕೂ ಅದಿದೆ.

ಅಡಿಕೆ, ತೆಂಗು, ಬಗನಿಗೆ ಇಲ್ಲ. ಇವು ಹುಲ್ಲು ಬಿದಿರಿನ ಕಡೆಯ ನಂಟರು, ಒಮ್ಮೆ ಎತ್ತರಕ್ಕೆ ಬೆಳೆದ ಕಾಂಡಕ್ಕೆ ವರ್ಷ ವರ್ಷವೂ ಹೊಸ ಸುತ್ತು ಕೂಡಿಕೊಳ್ಳುವುದಿಲ್ಲ. ಮುಳ್ಳು ಚುಚ್ಚಿದ ತೂತು ಮರ ಇರುವಷ್ಟು ಕಾಲ ತೂತೇ. ಕರಾವಳಿಯಲ್ಲಿ ಶೇಂದಿ ಇಳಿಸುವವರು ತೆಂಗಿನ ಕಾಂಡದಲ್ಲಿ ಕಡಿದ ಮೆಟ್ಟಿಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ಆ ಕಚ್ಚುಗಳು ಕಡಿದ ಹಾಗೇ ಇರುತ್ತವೆ. ಗಾಯದ ವಾಸನೆಗೆ ಬರುವ ಕೆಂಪು ಮೂತಿ ಹುಳು ತೆರೆದ ಕಾಂಡದಲ್ಲಿ ಮೊಟ್ಟೆ ಇಡುತ್ತದೆ, ರಸ ಸೋರುವ ರೋಗ ಅಲ್ಲಿಂದಲೇ ಒಳನುಗ್ಗುತ್ತದೆ. ಲೆಕ್ಕ ಹಾಕಿ ನೋಡಿ: 12 ಮೀಟರಿನ ಅಡಿಕೆ ಮರ, 30 ಸೆಂಟಿಮೀಟರಿನ ಹೆಜ್ಜೆ, ಹತ್ತುವಾಗ 40, ಇಳಿಯುವಾಗ 40 ತೂತು. ಔಷಧಿಗೆ, ಕೊನೆ ಕೊಯ್ಲಿಗೆ ಎಂದು ವರ್ಷಕ್ಕೆ ಆರು ಸಲ ಹತ್ತಿದರೆ 480. ಒಂದೂ ಮುಚ್ಚುವುದಿಲ್ಲ.

ಬೆಳೆಪೊರೆ ಇರುವ ಮರಗಳಿಗೂ ಈ ಗಾಯ ಪುಕ್ಕಟೆಯಲ್ಲ. ಅದಕ್ಕೇ ಬದುಕುವ ಮರದ ಕೊಂಬೆ ಸವರಲು ಕಾಲ್ಮುಳ್ಳು ಕಟ್ಟಬಾರದು ಎಂಬುದು ಅಮೆರಿಕದ ಮರಪಾಲನೆಯ ನಿಯಮ. ವಿನಾಯಿತಿ ಇರುವುದು ಕೆಲವೇ ಸಂದರ್ಭಗಳಿಗೆ: ಬೇರೆ ಯಾವ ರೀತಿಯಲ್ಲೂ ಹತ್ತಲಾಗದಿದ್ದಾಗ, ಮರದ ಮೇಲೆ ಸಿಕ್ಕಿಕೊಂಡವರನ್ನು ಇಳಿಸುವಾಗ, ಅಥವಾ ಮುಳ್ಳು ಬೆಳೆಪೊರೆಯನ್ನು ಮುಟ್ಟಲಾರದಷ್ಟು ತೊಗಟೆ ದಪ್ಪವಿದ್ದಾಗ. ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ಮರದ ಬುಡದ ತೊಗಟೆ ಒಂದಡಿಗೂ ಮಿಕ್ಕಿ ದಪ್ಪ, ಅದಕ್ಕೆ ಎರಡೂವರೆ ಇಂಚಿನ ಮುಳ್ಳು ಸೊಳ್ಳೆ ಕಡಿತ. ನಮ್ಮ ಕಾಫಿ ತೋಟಗಳಲ್ಲಿ ಮರಗಸಿ ಮಾಡುವ, ಅಂದರೆ ಕೊಂಬೆ ಸವರುವ, ಮರಗಳಿಗೆ ಆ ಭಾಗ್ಯವಿಲ್ಲ. ಮುಂದಿನ ವರ್ಷವೂ ನೆರಳು ಕೊಡಬೇಕಾದ, ಮೆಣಸಿನ ಬಳ್ಳಿ ಹೊರಬೇಕಾದ ಮರಕ್ಕೆ ಏಣಿ, ಹಗ್ಗ ಸರಿ.

ಆದ್ದರಿಂದ ಕಾಲ್ಮುಳ್ಳಿಗೆ ಉಳಿಯುವ ಜಾಗ ಸಣ್ಣದು: ಬುಡ ಸಮೇತ ತೆಗೆಯಬೇಕೆಂದು ತೀರ್ಮಾನಿಸಿದ ಮರ, ಅದೂ ಮನೆಗೋ ತಂತಿಗೋ ತಾಗದಂತೆ ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕಾದದ್ದು. ಸತ್ತು ಬಹಳ ದಿನವಾದ ಮರ ಆ ಪಟ್ಟಿಯಲ್ಲೂ ಕೊನೆಗೆ ಬರುತ್ತದೆ. ಅದರ ತೊಗಟೆ ಒಳಗಿಂದ ಬಿಟ್ಟುಕೊಂಡಿರುತ್ತದೆ, ಮುಳ್ಳು ಕಚ್ಚಿದ್ದು ಮರವನ್ನಲ್ಲ, ಕಳಚಿಬರಲಿರುವ ಸಿಪ್ಪೆಯನ್ನು. ಹತ್ತುವ ಮೊದಲು ಬುಡವನ್ನು ಸುತ್ತಿಗೆಯಿಂದ ಸುತ್ತಲೂ ತಟ್ಟಿ ಕೇಳಬೇಕು. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಟೊಳ್ಳಿನ ಸದ್ದು ಹೇಗಿರುತ್ತದೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಅಡಿಕೆಗಾದರೆ ವಿಟ್ಲದ ತೋಟ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಮರ ಹತ್ತುವ ತರಬೇತಿ ಶಿಬಿರಗಳು ನಡೆದಿವೆ, ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ತೋಟಗಳಿಗೆ ಬಂದಿದೆ. ಕಾಲ್ಮುಳ್ಳಿನ ಕೆಲಸವನ್ನೇ ಕಲಿಯಬೇಕೆನ್ನುವವರು ಪಳಗಿದವರೊಬ್ಬರನ್ನು ಹುಡುಕಿಕೊಂಡು, ಒಂದು ಒಣ ಕಂಬವನ್ನು ಭದ್ರವಾಗಿ ಹೂಳಿ, ನೆಲದಿಂದ ಎರಡಡಿ ಮೇಲಷ್ಟೇ ಶುರು ಮಾಡಲಿ. ಅಲ್ಲೇ ಒಂದು ಸುತ್ತು ಬಳಸಿ ಬರಲಿ, ಅಲ್ಲೇ ಕೈ ಬಿಟ್ಟು ಹಿಂದಕ್ಕೆ ವಾಲಲಿ, ಮೊಣಕಾಲು ಒಳಗೆ ತಂದರೆ ಮುಳ್ಳು ಹೇಗೆ ಕಿತ್ತುಕೊಳ್ಳುತ್ತದೆಂದು ಬೇಕೆಂದೇ ಮಾಡಿ ನೋಡಲಿ. ಮೂರನೆಯ ಅಡಿಗೆ ಏರುವ ಮುನ್ನ ಕೆಳಗೆ ಇನ್ನೊಬ್ಬರು ನಿಂತಿರಲಿ, ಮೇಲಿರುವವರನ್ನು ಇಳಿಸುವುದು ಹೇಗೆಂದು ಅವರಿಗೂ ಗೊತ್ತಿರಲಿ.